ಬಂಡೆಯ ಕೆಳಗಿನ ಚಹಾ

ನಮ್ಮ ಗಣಿಯಲ್ಲಿ ದಿನದ ಮೊದಲ ಚಹಾ ನನ್ನದು. ಗಣಿ ನಡೆಸುವ ಸಂಘದ ಅಧ್ಯಕ್ಷನಿಗೂ ಆ ಭಾಗ್ಯ ಇಲ್ಲ. ಹಿಂದಿನ ಸಂಜೆ ಮದ್ದು ಸಿಡಿಸಿದ ಜಾಗಕ್ಕೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನಾನು ಹೋಗಬೇಕು. ತಲೆಯ ಮೇಲಿನ ಬಂಡೆಯನ್ನು ಗೇಣು ಗೇಣಿಗೂ ಹಾರೆಯಿಂದ ತಟ್ಟಿ ನೋಡಿ, ಸಡಿಲವಿದ್ದರೆ ಕೆಡವಿ, ಗಟ್ಟಿಯಿದ್ದರೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಬೇಕು. ಆಮೇಲೆ ಆ ಗೆರೆಯ ಕೆಳಗೇ ಚಕ್ಕಳಮಕ್ಕಳ ಹಾಕಿ ಕೂತು ಒಂದು ಲೋಟ ಚಹಾ ಪೂರ್ತಿ ಕುಡಿಯಬೇಕು. ಖಾಲಿ ಲೋಟ ಹಿಡಿದುಕೊಂಡು ನಾನು ಹೊರಗೆ ಬಂದರೆ ಮಾತ್ರ ಉಳಿದ ಎಂಟು ಜನ ಒಳಗೆ ಕಾಲಿಡುತ್ತಾರೆ. ಈ ಪದ್ಧತಿಯನ್ನು ಯಾರು ಶುರು ಮಾಡಿದರೋ ಗೊತ್ತಿಲ್ಲ. ನನಗೆ ಕೆಲಸ ಕಲಿಸಿದ ಮುದುಕ ಹೇಳಿದ್ದು ಇಷ್ಟೇ: "ನೀನು ಕೂರೋಕೆ ಹೆದರೋ ಕಡೆ ಇನ್ನೊಬ್ಬನನ್ನ ನಿಲ್ಲಿಸಬೇಡ."

ತಟ್ಟುವವ ಅಂತಲೇ ನನ್ನನ್ನು ಕರೆಯುತ್ತಾರೆ. ಹದಿನೆಂಟು ವರ್ಷ ತಟ್ಟಿದ್ದೇನೆ. ನನ್ನ ಗೆರೆಯ ಕೆಳಗೆ ಕೆಲಸ ಮಾಡಿದ ಒಬ್ಬನ ಉಗುರು ಕೂಡ ಮುರಿದಿಲ್ಲ. ಇದನ್ನು ಜಂಬ ಅನ್ನುವವರು ಅನ್ನಲಿ, ನನಗೇನೂ ಬೇಸರವಿಲ್ಲ.

ನಮ್ಮದು ಗುಡ್ಡದ ಪಕ್ಕೆಗೆ ಕೊರೆದ ಒಂದೇ ಒಂದು ಸುರಂಗ, ನೂರಾ ನಲವತ್ತು ಹೆಜ್ಜೆ ಉದ್ದ. ಕೊರೆಯುವವರು ಇಬ್ಬರು. ಮದ್ದು ಇಡುವವನೊಬ್ಬ. ಅಲ್ಲಲ್ಲಿ ಆನಿಕೆ ಕಂಬ ನಿಲ್ಲಿಸುವ ಬಡಗಿಯೊಬ್ಬ. ಉಳಿದ ನಾಲ್ವರು ಕಲ್ಲು ತುಂಬಿ ಗಾಡಿ ತಳ್ಳುವವರು, ಅವರಲ್ಲಿ ಒಬ್ಬ ನನ್ನ ಮಗ. ಹೊರಗೆ ತಗಡಿನ ಚಪ್ಪರದಡಿ ಕಲ್ಲು ಅರೆಯುವ ಗಿರಣಿ, ಅದರ ಪಕ್ಕ ಹೆಂಗಸರು ಪುಡಿ ತೊಳೆಯುವ ತೊಟ್ಟಿಗಳು. ಇಷ್ಟು ಜನ ಬೆಳಗಿನಿಂದ ಸಂಜೆವರೆಗೆ ಮೈ ಮುರಿದು ತೆಗೆದ ಚಿನ್ನ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡರೆ ಕಡ್ಡಿ ಹಾಕಿ ಹುಡುಕಬೇಕು. ಅದಕ್ಕೇ ನನಗೆ ಚಿನ್ನದ ಮೇಲೆ ಅಂಥ ಗೌರವ ಏನಿಲ್ಲ. ನನ್ನ ಗೌರವವೆಲ್ಲ ಬಂಡೆಯ ಮೇಲೆ.

ಬಂಡೆ ಸುಳ್ಳು ಹೇಳುವುದಿಲ್ಲ. ಗಟ್ಟಿಯಿದ್ದರೆ ಹಾರೆಯ ತುದಿಗೆ ಠಣ್ ಅನ್ನುತ್ತದೆ. ಒಳಗೆ ಬಿರುಕು ಬಿಟ್ಟಿದ್ದರೆ ಧಬ್ ಅನ್ನುತ್ತದೆ. ನನ್ನ ಇಡೀ ಕೆಲಸ ಈ ಎರಡು ಸದ್ದಿನ ನಡುವೆ ಇತ್ತು. ಈಗ ನಾಚಿಕೆಯ ಮಾತಿಗೆ ಬರುತ್ತೇನೆ, ಅದನ್ನು ಮುಚ್ಚಿಟ್ಟರೆ ಮುಂದಿನದನ್ನು ಹೇಳಿ ಪ್ರಯೋಜನವಿಲ್ಲ. ನನಗೆ ಆ ಎರಡು ಸದ್ದಿನ ವ್ಯತ್ಯಾಸ ಕೇಳಿಸುವುದು ನಿಂತುಹೋಗಿತ್ತು.

ತಟ್ಟುವವನಾಗುವ ಮೊದಲು ಹನ್ನೆರಡು ವರ್ಷ ನಾನು ಕೊರೆಯುವವನಾಗಿದ್ದೆ. ಆಗ ಕಿವಿಗೆ ಹತ್ತಿ ಇಡುವವರನ್ನು ನಾವು ಮದುಮಗಳು ಎಂದು ಗೇಲಿ ಮಾಡುತ್ತಿದ್ದೆವು. ಆ ಕೊರೆಯುವ ಯಂತ್ರ ಮೊದಲು ನನ್ನ ಬೆರಳುಗಳಿಗೆ ಜೋಮು ಹಿಡಿಸಿತು. ವರ್ಷಗಳ ಮೇಲೆ ಎಡಗಿವಿ ಹೋಯಿತು, ಬಲಗಿವಿಯಲ್ಲಿ ನಡೆಸಿಕೊಂಡು ಬಂದೆ. ಆರು ತಿಂಗಳ ಹಿಂದೆ ಬಲಗಿವಿಯೂ ಕೈಕೊಟ್ಟಿತು. ಹತ್ತಿರ ನಿಂತು, ಮುಖ ತೋರಿಸಿ ಆಡಿದ ಮಾತು ತಿಳಿಯುತ್ತಿತ್ತು. ಬಂಡೆ ಮಾತ್ರ ಎಲ್ಲಿ ತಟ್ಟಿದರೂ ಕಂಬಳಿಗೆ ಗುದ್ದಿದ ಹಾಗೆ ಒಂದೇ ಸದ್ದು. ಹೇಳಿದರೆ ಹಾರೆ ಕೈಬಿಡಬೇಕು, ಹಾರೆ ಬಿಟ್ಟರೆ ನಾನು ಯಾರು? ಎರಡು ತಿಂಗಳು ಬರೀ ಕಣ್ಣಳತೆಯಲ್ಲಿ ಬಂಡೆ ನೋಡಿ ಗೆರೆ ಎಳೆದೆ. ಚಹಾವನ್ನು ನಾಲಿಗೆ ಸುಟ್ಟುಕೊಂಡು ಗಟಗಟ ಕುಡಿದು ಎದ್ದುಬಿಡುತ್ತಿದ್ದೆ. "ಯಜಮಾನ್ರು ಈಗೀಗ ಚುರುಕಾಗಿದಾರೆ" ಎಂದು ಹೊರಗಿನವರು ಮೆಚ್ಚಿಕೊಂಡರು. ಅವರಲ್ಲಿ ಗಡಿಬಿಡಿ ಅಂತ ಅಡ್ಡಹೆಸರಿನ ಒಬ್ಬ ಕೊರೆಯುವವನಿದ್ದಾನೆ, ಅವನಿಗಂತೂ ಸ್ವರ್ಗವೇ ಸಿಕ್ಕಿದ ಹಾಗಾಗಿತ್ತು.

ಆಮೇಲೆ ಸಂಘದಲ್ಲಿ ಹೊಸ ನಿಯಮ ಬಂತು: ಸುರಂಗದೊಳಗೆ ಯಾರೂ ಒಂಟಿಯಾಗಿ ಇರಬಾರದು, ತಟ್ಟುವವನ ಜೊತೆಗೂ ಇನ್ನೊಬ್ಬರಿರಬೇಕು. ಒಂದು ಗಂಟೆ ಮೊದಲೇ ಏಳಬೇಕಲ್ಲ, ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಗಿರಣಿಯ ಹತ್ತಿರದಿಂದ ನನ್ನ ಸೊಸೆ, "ನಾನು ಹೋಗ್ತೀನಿ" ಅಂದಳು. ಹೆಂಗಸು ಸುರಂಗಕ್ಕೆ ಇಳಿದರೆ ಅದಿರು ಮಾಯವಾಗುತ್ತದೆ ಎಂದು ಯಾರೋ ಗೊಣಗಿದರು. "ಹಾಗಾದ್ರೆ ನೀವು ಬೇಗ ಏಳಿ" ಅಂದಳು. ಗೊಣಗಾಟ ಅಲ್ಲಿಗೆ ನಿಂತಿತು.

ಅವಳು ಐದು ವರ್ಷ ಗಿರಣಿ ನೋಡಿಕೊಂಡವಳು. ಗಿರಣಿಗೆ ಬೆನ್ನು ಹಾಕಿ ನಿಂತೇ, ಒಳಗೆ ಕಲ್ಲು ಕಮ್ಮಿಯಾಯಿತೋ, ಪುಡಿ ಸಣ್ಣಗಾಯಿತೋ ಸದ್ದಿನಲ್ಲೇ ಹೇಳುತ್ತಿದ್ದಳು. ಅಲ್ಲಿ ಕೂತಾಗಲೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡೇ ಇರುತ್ತಿದ್ದಳು, ನಾವು ನಕ್ಕರೂ ಬಿಟ್ಟವಳಲ್ಲ. ನನ್ನ ಜೊತೆ ಬರತೊಡಗಿದ ಮೂರನೇ ದಿನವೋ ನಾಲ್ಕನೇ ದಿನವೋ ನಾನು ಒಂದು ಕಡೆ ತಟ್ಟಿದಾಗ ನನ್ನ ತಲೆದೀಪದ ಬೆಳಕು ಅವಳ ಮುಖದ ಮೇಲೆ ಬಿತ್ತು. ಅವಳ ಎಡಹುಬ್ಬು ಮೇಲೆ ಹೋಗಿತ್ತು. ಅನುಮಾನ ಬಂದು ಅಲ್ಲೇ ಹಾರೆ ತುರುಕಿ ಮೀಟಿದೆ. ತಲೆದಿಂಬಿನಷ್ಟು ಕಲ್ಲು ಕೆಳಗೆ ಬಿತ್ತು. ಮಾರನೆಯ ದಿನವೂ ಹುಬ್ಬು ಎದ್ದಲ್ಲಿ ಬಂಡೆ ಟೊಳ್ಳು, ಹುಬ್ಬು ಸುಮ್ಮನಿದ್ದಲ್ಲಿ ಗಟ್ಟಿ. ಅಲ್ಲಿಂದ ನಾಲ್ಕು ತಿಂಗಳು ನಾನು ಬಂಡೆ ತಟ್ಟಿದ್ದು ಬರೀ ನಾಟಕ. ಓದುತ್ತಿದ್ದದ್ದು ಸೊಸೆಯ ಹುಬ್ಬನ್ನು. ಅವಳಿಗೆ ಇದು ಗೊತ್ತಿಲ್ಲ ಎಂದು ನನ್ನಷ್ಟಕ್ಕೆ ನಾನೇ ಬೀಗುತ್ತಿದ್ದೆ.

ಹೀಗೇ ನಡೆದುಹೋಗುತ್ತಿತ್ತೋ ಏನೋ. ಆದರೆ ಒಂದು ದಿನ ಬೆಳಿಗ್ಗೆ ಅಧ್ಯಕ್ಷ ಒಂದು ಪೆಟ್ಟಿಗೆ ಒಡೆದು ಎಲ್ಲರಿಗೂ ಹೊಸ ಮಾಸ್ಕು, ಹೊಸ ಕನ್ನಡಕ ಹಂಚಿದ. ಕಲ್ಲಿನ ದೂಳು ಎದೆಗೆ ಇಳಿಯಬಾರದು, ಚೂರು ಕಣ್ಣಿಗೆ ಹಾರಬಾರದು ಅಂತ. ಒಳ್ಳೆಯದೇ. ಮಾಸ್ಕು ಮೂಗಿನಿಂದ ಗದ್ದದವರೆಗೆ ಮುಚ್ಚುವಂಥದ್ದು. ಕನ್ನಡಕವೋ, ಹಣೆಯಿಂದ ಕೆನ್ನೆಯವರೆಗೆ ಕಪ್ಪು ರಬ್ಬರಿನ ಚೌಕಟ್ಟು. ನಾವಿಬ್ಬರೂ ಎಂದಿನಂತೆ ಒಳಗೆ ಹೋದೆವು. ತುದಿ ತಲುಪಿ ನಾನು ಹಾರೆ ಎತ್ತಿ ತಟ್ಟಿ, ರೂಢಿಯಂತೆ ಅವಳ ಕಡೆ ತಿರುಗಿದೆ. ಮುಖವೇ ಇರಲಿಲ್ಲ. ಕನ್ನಡಕದ ಗಾಜಿನಲ್ಲಿ ನನ್ನದೇ ದೀಪ ನನಗೆ ತಿರುಗಿ ಹೊಡೆಯಿತು.

ಕನ್ನಡಕ ತೆಗಿ ಅನ್ನಬಹುದಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳಲಿ? ಇನ್ನೆರಡು ಕಡೆ ತಟ್ಟಿದೆ. ಕಂಬಳಿಯ ಸದ್ದು. ದೀಪ ಹಿಡಿದು ನೋಡಿದೆ, ಕಣ್ಣಿಗೆ ಒಂದು ಬಿರುಕೂ ಕಾಣಲಿಲ್ಲ. ಹಿಂದಿನ ಸಂಜೆ ಇಟ್ಟ ಮದ್ದೂ ಕಮ್ಮಿಯೇ. ಏನಾಗುತ್ತದೆ ಮಹಾ ಎಂದುಕೊಂಡು ಗೆರೆ ಎಳೆದುಬಿಟ್ಟೆ. ಕೂತೆ. ಫ್ಲಾಸ್ಕಿನಿಂದ ಲೋಟಕ್ಕೆ ಚಹಾ ಬಗ್ಗಿಸಿದೆ.

ಸೊಸೆ ಎದುರು ಬಂದು ಮಾಸ್ಕನ್ನು ಗದ್ದಕ್ಕೆ ಇಳಿಸಿದಳು.

"ಮಾವ, ಅದು ಟೊಳ್ಳು. ಏಳಿ."

"ಗಟ್ಟಿ ಇದೆ. ಗೆರೆ ಎಳೆದಾಯ್ತು."

"ಗೆರೆ ಒರೆಸಬಹುದು. ಏಳಿ ಮೊದಲು."

ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ. "ನೀನು ಹುಟ್ಟೋಕೆ ಮುಂಚೆಯಿಂದ ನಾನು ಈ ಗುಡ್ಡದಲ್ಲಿ ಇದೀನಿ. ನನಗೇ ಹೇಳಿಕೊಡ್ತೀಯಾ?" ಅಂದೆ. ಹೇಳುವಾಗಲೇ ಗೊತ್ತಿತ್ತು, ನಾನು ಕೂಗಾಡುತ್ತಿರುವುದು ನನ್ನ ಕಿವಿಯ ಮೇಲೆ ಎಂದು. ಗೊತ್ತಿದ್ದೂ ಕದಲಲಿಲ್ಲ. ಏನೋ ಒಂದು ಹುಂಬತನ. ಈ ಬಂಡೆಯೇ ಬೀಳಲಿ, ಆದರೆ ಇವಳ ಮಾತಿಗೆ ಎದ್ದೆ ಅನ್ನಿಸಿಕೊಳ್ಳುವುದು ಬೇಡ ಅನ್ನುವಂಥದ್ದು.

ಅವಳು ಮತ್ತೆ ವಾದ ಮಾಡಲಿಲ್ಲ. ನನ್ನ ಪಕ್ಕ, ಬಲಗಡೆ, ಚಕ್ಕಳಮಕ್ಕಳ ಹಾಕಿ ಕೂತಳು.

"ಏನಿದು?"

"ನೀವು ಕೂತ್ರೆ ನಾನೂ ಕೂರ್ತೀನಿ. ಆಮೇಲೆ ಎಂಟು ಜನ ಬಂದು ನಿಲ್ತಾರಲ್ಲ, ಅವರಲ್ಲಿ ನನ್ನ ಗಂಡನೂ ಇದಾನೆ. ಅವನು ನಿಲ್ಲೋ ಜಾಗ ನಾನೂ ನೋಡ್ತೀನಿ."

ನನ್ನೊಬ್ಬನ ಜೀವಕ್ಕೆ ಸಾಕಾಗುವಷ್ಟು ಮೊಂಡುತನ ನನ್ನಲ್ಲಿತ್ತು. ಅವಳ ಜೀವವನ್ನೂ ಸೇರಿಸಿದರೆ ಸಾಲದಾಯಿತು. ಲೋಟವನ್ನು ಅಲ್ಲೇ ನೆಲದ ಮೇಲಿಟ್ಟು ಅವಳ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹಿಂದಿನ ಆನಿಕೆ ಕಂಬದವರೆಗೆ ಬಂದೆ.

"ಎಷ್ಟು ದೊಡ್ಡದು?" ಎಂದು ಕೇಳಿದೆ. ಅದು ನಾನು ಅವಳನ್ನು ಬಂಡೆಯ ಬಗ್ಗೆ ಕೇಳಿದ ಮೊದಲ ಪ್ರಶ್ನೆ.

"ಮಂಚದಷ್ಟು ಇರಬಹುದು. ನೀವು ಗೆರೆ ಎಳೆದ ಕಡೆಯಿಂದ ಎಡಗೋಡೆವರೆಗೂ ಒಂದೇ ಸದ್ದು. ಗಿರಣೀಲಿ ಕಲ್ಲು ಖಾಲಿಯಾದಾಗ ಬರುತ್ತಲ್ಲ, ಹಾಗೆ."

ಉದ್ದನೆಯ ಹಾರೆ ತಂದು, ಕಂಬದ ಮರೆಯಲ್ಲಿ ನಿಂತು, ಅವಳು ತೋರಿಸಿದ ಅಂಚಿಗೆ ತುದಿ ತುರುಕಿ ಇಬ್ಬರೂ ಮೀಟಿದೆವು. ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಸ್ವಲ್ಪ ದೂಳು ಉದುರಿತು. ಮೂರನೆಯ ಸಲಕ್ಕೆ ಬಂತು ನೋಡಿ. ಆ ಸದ್ದು ನನಗೂ ಕೇಳಿಸಿತು, ಕಿವಿಯಿಂದಲ್ಲ, ಅಂಗಾಲಿನಿಂದ. ದೂಳು ಅಡಗಿದ ಮೇಲೆ ದೀಪ ಹಿಡಿದೆವು. ಮಂಚವೇ ಸರಿ, ಅದೂ ಇಬ್ಬರು ಮಲಗುವಂಥದ್ದು. ನಾನು ಕೂತಿದ್ದ ಜಾಗ ಎಲ್ಲಿತ್ತು ಅನ್ನುವುದೇ ಗೊತ್ತಾಗಲಿಲ್ಲ. ಅದರ ಒಂದು ಅಂಚಿನಡಿಯಿಂದ ಚಹಾ ಹರಿದು ಬರುತ್ತಿತ್ತು.

ಹೊರಗಿನವರು ಓಡಿಬಂದರು. ಎಲ್ಲರಿಗಿಂತ ಮುಂದೆ ನನ್ನ ಮಗ, ಮುಖ ಬಿಳಿಚಿಕೊಂಡಿತ್ತು. ನಾನು ಬಾಯಿ ತೆರೆಯುವ ಮೊದಲೇ ಸೊಸೆ, "ಏನಿಲ್ಲ, ಟೊಳ್ಳಿತ್ತು. ಮಾವ ಕೆಡವಿದ್ರು" ಅಂದಳು.

ಅಂದಿನ ದಿನವೆಲ್ಲ ನನಗೆ ಮೆರವಣಿಗೆಯೊಂದೇ ಬಾಕಿ. "ಕಿವಿ ಅಂದ್ರೆ ಯಜಮಾನ್ರದ್ದು" ಎಂದು ಬಡಗಿ. "ಅದಕ್ಕೇ ನಾನು ಹೆಂಡತಿ ಮಾತಿಗಿಂತ ನಿಮ್ಮ ಗೆರೆ ನಂಬೋದು" ಎಂದು ಗಡಿಬಿಡಿ. ಮದ್ದು ಇಡುವವ ನನ್ನ ಕೈ ಹಿಡಿದು ಹಣೆಗೆ ಒತ್ತಿಕೊಂಡ. ನಾನು ಇಲ್ಲ ಅನ್ನಲಿಲ್ಲ. ಮುಗುಳ್ನಕ್ಕೆ ಕೂಡ. ಒಂದೊಂದು ಹೊಗಳಿಕೆಯೂ ಕಹಿಯಾಗಿತ್ತು, ಆದರೂ ನುಂಗಿದೆ. ಬಂಡೆ ಒಡೆದು ಸಾಗಿಸಿದ ಮೇಲೆ ಮಗ ನನ್ನ ಸ್ಟೀಲು ಲೋಟವನ್ನು ತಂದುಕೊಟ್ಟ. ಅಪ್ಪಚ್ಚಿಯಾಗಿ ತಟ್ಟೆಯ ಹಾಗಿತ್ತು.

ಮನೆಯಲ್ಲಿ ಹೆಂಡತಿ ಆ ಲೋಟವನ್ನು ತಿರುಗಿಸಿ ಮುರುಗಿಸಿ ನೋಡಿದಳು. ಸೊಸೆ ಒಲೆಯ ಹತ್ತಿರ ಇದ್ದಳು, ಮಗ ಸ್ನಾನಕ್ಕೆ ಹೋಗಿದ್ದ.

"ಕೂತು ಎದ್ದ ಮೇಲೆ ಬಿತ್ತಾ, ಕೂರೋ ಮುಂಚೆ ಬಿತ್ತಾ?" ಎಂದು ನನ್ನ ಮುಖಕ್ಕೆ ಮುಖ ಕೊಟ್ಟು ಕೇಳಿದಳು. ನಾನು ಗೋಡೆ ನೋಡಿದೆ.

"ರೀ, ನನ್ನ ಕಣ್ಣಿಗೆ ಮಣ್ಣೆರಚಬೇಡಿ. ಆರು ತಿಂಗಳಿಂದ ನಾನು ಎಷ್ಟು ಪಾತ್ರೆ ಬೀಳಿಸಿದೀನಿ, ನೀವು ಒಂದು ಸಲಾನೂ ಬೈದಿಲ್ಲ. ನೀವು ಸಾಧು ಆದ್ರಿ ಅಂತ ನಂಬೋಕೆ ನಾನೇನು ನಿಮ್ಮನ್ನ ನೆನ್ನೆ ಮದುವೆ ಆದವಳಾ?"

ನನಗೆ ನಗು ಬರಲಿಲ್ಲ. ಸೊಸೆಯ ಕಡೆ ತಿರುಗಿದೆ. "ನಿನಗೂ ಗೊತ್ತಿತ್ತಾ?"

ಅವಳು ಕೈ ಒರೆಸಿಕೊಂಡು ನನ್ನೆದುರು ಬಂದು ಕೂತಳು. "ನನ್ನ ಹುಬ್ಬಿಗೆ ತನ್ನಷ್ಟಕ್ಕೆ ತಾನೇ ಏಳೋ ಅಭ್ಯಾಸ ಇಲ್ಲ, ಮಾವ. ನಾನೇ ಎತ್ತುತ್ತಿದ್ದೆ. ಇವತ್ತೂ ಎತ್ತಿದ್ದೆ, ಕನ್ನಡಕದ ಒಳಗೆ. ನೀವು ಗೆರೆ ಎಳೆದ ಮೇಲೇ ನನಗೆ ಹೊಳೆದಿದ್ದು, ನಿಮಗೆ ಕಾಣಿಸಿಲ್ಲ ಅಂತ."

ನಾಲ್ಕು ತಿಂಗಳು ನಾನು ಅವಳನ್ನು ಯಾಮಾರಿಸುತ್ತಿದ್ದೇನೆ ಅಂದುಕೊಂಡಿದ್ದೆ. ಅವಳು ನನ್ನ ಮರ್ಯಾದೆಯನ್ನು ಹುಬ್ಬಿನ ಮೇಲೆ ಹೊತ್ತುಕೊಂಡು ತಿರುಗುತ್ತಿದ್ದಳು.

"ಅದು ನನ್ನ ತಪ್ಪು" ಅಂದಳು. "ಮೊದಲ ದಿನವೇ ಹೇಳಬೇಕಿತ್ತು. ಹೇಳೋಕೆ ಬಾಯಿ ಬರಲಿಲ್ಲ. ಇವತ್ತೂ ಜನರ ಮುಂದೆ ನಿಮ್ಮ ಹೆಸರು ಕೆಡಿಸೋಕೆ ಮನಸ್ಸಾಗಲಿಲ್ಲ. ಆದ್ರೆ ನಾಳೆ ನೀವು ಹಾರೆ ಹಿಡಿದ್ರೆ ನಾನು ಜೊತೆಗೆ ಬರಲ್ಲ. ಉಳಿದವರನ್ನೂ ಒಳಗೆ ಬಿಡಲ್ಲ."

"ಹದಿನೆಂಟು ವರ್ಷ, ಅಮ್ಮಾ" ಅಂದೆ. ನನ್ನ ದನಿ ನನಗೇ ಹೊಸದಾಗಿತ್ತು.

"ಹದಿನೇಳೂವರೆ ನಿಮ್ಮದೇ. ಅದನ್ನ ಯಾರೂ ಕಿತ್ತುಕೊಳ್ಳಲ್ಲ."

ಅರ್ಧ ವರ್ಷ ಕಳೆದು ಲೆಕ್ಕ ಕೊಟ್ಟಳಲ್ಲ, ಅಲ್ಲೇ ನನಗೆ ಅವಳ ಮೇಲೆ ಹೆಮ್ಮೆ ಹುಟ್ಟಿತು. ಪೂರ್ತಿ ನಿಮ್ಮದೇ ಮಾವ ಎಂದು ಸಮಾಧಾನ ಹೇಳಿದ್ದರೆ ಅವಳ ಕೈಗೆ ಹಾರೆ ಕೊಡುವ ಧೈರ್ಯ ನನಗೆ ಬರುತ್ತಿರಲಿಲ್ಲ. ಧಬ್ ಅನ್ನುವುದನ್ನು ಠಣ್ ಅನ್ನುವವರು ಈ ಕೆಲಸಕ್ಕಲ್ಲ.

ಮಾರನೆಯ ಬೆಳಿಗ್ಗೆ ಚಪ್ಪರದಡಿ ಎಂಟು ಜನ, ಅಧ್ಯಕ್ಷ, ತೊಟ್ಟಿಯ ಹೆಂಗಸರು ಎಲ್ಲರೂ ಇದ್ದರು. ನಾನು ಹಾರೆಯನ್ನು ನೆಲಕ್ಕೆ ಊರಿ ನಿಂತೆ. ಸುತ್ತಿ ಬಳಸಿ ಹೇಳುವುದು ನನಗೆ ಬಾರದು.

"ನಿನ್ನೆ ಆ ಬಂಡೆ ಗಟ್ಟಿ ಅಂತ ಗೆರೆ ಎಳೆದವನು ನಾನು. ಟೊಳ್ಳು ಅಂದವಳು ಇವಳು. ಆರು ತಿಂಗಳಿಂದ ನನಗೆ ಬಂಡೆ ಕೇಳಿಸ್ತಿಲ್ಲ. ಎರಡು ತಿಂಗಳು ನಿಮ್ಮನ್ನ ಅದೃಷ್ಟದ ಮೇಲೆ ಒಳಗೆ ಕಳಿಸಿದೀನಿ. ನಾಲ್ಕು ತಿಂಗಳು ಇವಳ ಹುಬ್ಬಿನ ಮೇಲೆ. ತಪ್ಪಾಯ್ತು."

ಗಡಿಬಿಡಿ ಜೀವಮಾನದಲ್ಲಿ ಮೊದಲ ಸಲ ನಿಧಾನವಾಗಿ ಮಾತಾಡಿದ. "ನಾವು ಹುಬ್ಬು ನಂಬಿ ಒಳಗೆ ಹೋಗ್ತಿದ್ವಾ?"

"ಹೌದು."

"ನನಗೆ ಎರಡು ಮಕ್ಕಳಿದಾವೆ, ಯಜಮಾನ್ರೇ" ಎಂದು ಮದ್ದು ಇಡುವವ ಅಂದ. ಹಿಂದಿನ ದಿನ ನನ್ನ ಕೈ ಹಣೆಗೆ ಒತ್ತಿಕೊಂಡವನು. ನನ್ನ ಮುಖ ನೋಡದೆ ಅಂದ. ನನ್ನ ಮಗ ಒಮ್ಮೆ ನನ್ನನ್ನು, ಒಮ್ಮೆ ಹೆಂಡತಿಯನ್ನು ನೋಡುತ್ತ ನಿಂತಿದ್ದ. ಅವನ ಕಣ್ಣಲ್ಲಿ ಸಿಟ್ಟಿತ್ತು. ಇರಲೇಬೇಕು.

ಅಧ್ಯಕ್ಷ ಗಂಟಲು ಸರಿಮಾಡಿಕೊಂಡ. "ಸರಿ, ಕೆಲಸ ನಿಲ್ಲಿಸೋಣ. ಬೇರೆ ಗಣಿಯಿಂದ ಯಾರಾದ್ರೂ ತಟ್ಟೋರನ್ನ ಕರೆಸ್ತೀನಿ."

"ಕರೆಸೋದು ಯಾಕೆ? ಇಲ್ಲೇ ಇದಾಳೆ" ಎಂದು ಹಾರೆಯನ್ನು ಸೊಸೆಯ ಕೈಗೆ ಕೊಟ್ಟೆ. ಅದರ ಹಿಡಿಗೆ ಹದಿನೆಂಟು ವರ್ಷದಲ್ಲಿ ನನ್ನ ಅಂಗೈ ಉಜ್ಜಿ ಉಜ್ಜಿ ಹೊಳಪು ಬಂದಿತ್ತು. ಕೊಡುವಾಗ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. "ನಿನ್ನೆ ನನ್ನಂಥವನ ಎದುರು ಟೊಳ್ಳು ಅಂದಳು. ನಾನು ಏಳಲ್ಲ ಅಂದಾಗ ಪಕ್ಕದಲ್ಲಿ ಬಂದು ಕೂತಳು. ನನ್ನ ಗುರು ಬದುಕಿದ್ದಿದ್ರೆ ಅವನೇ ಕೈ ಮುಗೀತಿದ್ದ."

"ಅದೆಲ್ಲ ಸರಿ" ಅಂದ ಬಡಗಿ. "ಮೊದಲ ದಿನ ಅವಳ ಗೆರೆ ಕೆಳಗೆ ಯಾರು ನಿಲ್ತಾರೆ?"

ಸೊಸೆ ನನ್ನ ಉತ್ತರಕ್ಕೆ ಕಾಯಲಿಲ್ಲ. ಹಾರೆ ಹೆಗಲಿಗೇರಿಸಿ, "ತಟ್ಟಿದವರೇ ಕೂರೋದು. ನಾನು ಕೂರ್ತೀನಿ" ಎಂದು ಸುರಂಗದ ಕಡೆ ನಡೆದಳು. ನಾನು ಫ್ಲಾಸ್ಕು ಎತ್ತಿಕೊಂಡು ಅವಳ ಹಿಂದೆ ಓಡಿದೆ. ಹದಿನೆಂಟು ವರ್ಷದಲ್ಲಿ ನಾನು ಯಾರ ಹಿಂದೆಯೂ ಸುರಂಗಕ್ಕೆ ಹೋದವನಲ್ಲ.

ಅವಳು ಕೆಲಸ ಮಾಡಿದ್ದನ್ನು ನೋಡಬೇಕಿತ್ತು ನೀವು. ನಾನು ದೊಡ್ಡ ಹೆಜ್ಜೆಯಲ್ಲಿ ತಟ್ಟುತ್ತಿದ್ದವನು, ಅವಳು ಗೋಡೆಯ ಬುಡದಿಂದ ಶುರು ಮಾಡಿದಳು. ತಟ್ಟುವಳು, ನಿಲ್ಲುವಳು, ತಲೆ ಓರೆ ಮಾಡುವಳು. ಅನುಮಾನ ಬಂದಲ್ಲಿ ಮಾಸ್ಕನ್ನು ಇನ್ನಷ್ಟು ಬಿಗಿ ಮಾಡಿಕೊಂಡು ಮತ್ತೆ ತಟ್ಟುವಳು. ಎರಡು ಕಡೆ ಸಣ್ಣ ಚಕ್ಕೆ ಕೆಡವಿದಳು. ಒಂದು ಕಡೆ ಇನ್ನೊಂದು ಆನಿಕೆ ಕಂಬ ಬೇಕೆಂದು ಗುಣಾಕಾರದ ಗುರುತು ಹಾಕಿದಳು. ಆ ಮೂಲೆಗೆ ಕಂಬ ಬೇಕು ಎಂದು ಎರಡು ವರ್ಷದ ಹಿಂದೆಯೇ ನನಗನ್ನಿಸಿತ್ತು, ಸೋಮಾರಿತನಕ್ಕೆ ಬಿಟ್ಟಿದ್ದೆ. ನನಗೆ ಹಿಡಿಯುತ್ತಿದ್ದ ಹೊತ್ತಿನ ಎರಡರಷ್ಟು ಹೊತ್ತು ಹಿಡಿಯಿತು. ಕೊನೆಗೆ ಕೈ ಚಾಚಿದಳು. ಜೇಬಿನಿಂದ ಸೀಮೆಸುಣ್ಣ ತೆಗೆದುಕೊಟ್ಟೆ. ಗೆರೆ ಎಳೆದು, ಮಾಸ್ಕು ಇಳಿಸಿ, ಅದರ ಕೆಳಗೆ ಕೂತಳು.

ನಾನು ಲೋಟಕ್ಕೆ ಚಹಾ ಬಗ್ಗಿಸಿ ಅವಳಿಗೆ ಕೊಟ್ಟೆ. ಆಮೇಲೆ ಇನ್ನೊಂದು ಜೇಬಿನಿಂದ ಎರಡನೆಯ ಲೋಟ ತೆಗೆದು, ಅದಕ್ಕೂ ಬಗ್ಗಿಸಿಕೊಂಡು, ಅವಳ ಪಕ್ಕದಲ್ಲಿ ಕೂತೆ.

"ಚಹಾ ತಟ್ಟಿದವರದ್ದು, ಮಾವ. ನೀವು ಕಂಬದ ಹತ್ತಿರ ನಿಲ್ಲಿ."

"ಒಳಗೆ ಯಾರೂ ಒಂಟಿಯಾಗಿ ಇರಬಾರದು ಅಂತ ಸಂಘದ ನಿಯಮ."

"ಅದು ಸುರಂಗಕ್ಕೆ. ಲೋಟಕ್ಕಲ್ಲ."

"ನನಗೆ ಕಿವಿ ಕೇಳಿಸಲ್ಲ" ಅಂದೆ.

ಅವಳು ನಕ್ಕಳು. ನನ್ನ ತಲೆಯ ಮೇಲಿನ ಬಂಡೆಯ ಬಗ್ಗೆ ನನಗೆ ಏನೆಂದರೆ ಏನೂ ಗೊತ್ತಿರಲಿಲ್ಲ. ಅವಳ ಗೆರೆ ಇದೆ, ಅಷ್ಟೇ ಗೊತ್ತಿದ್ದದ್ದು. ಆರು ತಿಂಗಳಿಂದ ನಾನು ಈ ಚಹಾವನ್ನು ನಾಲಿಗೆ ಸುಟ್ಟುಕೊಂಡೇ ಕುಡಿದಿದ್ದೆ. ಅಂದು ಊದಿ ಊದಿ, ಆರಿಸಿಕೊಂಡು, ಒಂದೊಂದೇ ಗುಟುಕು ಕುಡಿದೆ. ಸ್ವಲ್ಪ ಸಕ್ಕರೆ ಕಮ್ಮಿಯಾಗಿತ್ತು.

ಸೊಸೆ ತನ್ನ ಲೋಟ ಖಾಲಿ ಮಾಡಿ ಬೋರಲು ಹಾಕಿದಳು. "ಬೇಗ ಕುಡೀರಿ ಮಾವ, ಹೊರಗೆ ಎಂಟು ಜನ ಕಾಯ್ತಿದಾರೆ."

"ಕಾಯಲಿ ಬಿಡು" ಎಂದು ಇನ್ನರ್ಧ ಲೋಟ ಬಗ್ಗಿಸಿಕೊಂಡೆ.